ಮುಲಾಮಿಗೆ ಝೋನ್ ಬರಲಿಲ್ಲವೇ? ಮೊದಲು ಪ್ಲೇಟನ್ನು ವಿಚಾರಿಸಿ

ಕಳೆದ ಬೇಸಿಗೆಯಲ್ಲಿ ಕುಷ್ಟಗಿ ಕಡೆಯ ಒಂದು ಸ್ವಸಹಾಯ ಸಂಘದಿಂದ ಇಬ್ಬರು ಹೆಂಗಸರು ನಮ್ಮ ಲ್ಯಾಬಿಗೆ ಬಂದಿದ್ದರು. ಚೀಲದಲ್ಲಿ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಬೇವು-ಅರಿಶಿನದ ಮುಲಾಮು. ಒಡೆದ ಹಿಮ್ಮಡಿಗೆ, ಸಣ್ಣಪುಟ್ಟ ಗುಳ್ಳೆಗೆ ಹಚ್ಚುವಂಥದ್ದು. ಕೊಬ್ಬರಿ ಎಣ್ಣೆ, ಜೇನುಮೇಣ ಹಾಕಿ ಕಾಸಿದ್ದರು. "ಕೀಟಾಣು ಸಾಯ್ತಾವ ಅಂತ ಡಬ್ಬಿ ಮ್ಯಾಲೆ ಹಾಕಬೇಕ್ರಿ ಅಕ್ಕೋರೆ, ಒಂದು ರಿಪೋರ್ಟ್ ಕೊಡ್ರಿ" ಎಂದರು.

ನಾನು ಬಳ್ಳಾರಿಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಪ್ಲೇಟ್ ಹಾಕಿದೆವು, ಅಂದರೆ ಅಗಾರ್ ಎಂಬ ಜೆಲ್ಲಿ ತುಂಬಿದ ಚಪ್ಪಟೆ ತಟ್ಟೆಗೆ ಬ್ಯಾಕ್ಟೀರಿಯಾ ಹಚ್ಚಿ, ಗುಳಿ ಕೊರೆದು ಮುಲಾಮು ತುಂಬಿದೆವು. ಮರುದಿನ ತೆಗೆದು ನೋಡಿದರೆ ಮುಲಾಮಿನ ಸುತ್ತ ಝೋನೇ ಇಲ್ಲ, ಅಂದರೆ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ತಿಳಿ ವೃತ್ತವೇ ಇಲ್ಲ. ಬ್ಯಾಕ್ಟೀರಿಯಾ ಗುಳಿಯ ಅಂಚಿನ ತನಕ ಆರಾಮಾಗಿ ಬೆಳೆದು ಕೂತಿತ್ತು. ಅದೇ ವಾರ ನಮ್ಮ ಕೊನೆ ವರ್ಷದ ಹುಡುಗನೊಬ್ಬ ಪ್ರಾಜೆಕ್ಟಿಗಾಗಿ ಮಾಡಿದ ಬೇವಿನ ಕ್ರೀಮಿಗೆ ಚೆನ್ನಾಗಿ 16 ಮಿ.ಮೀ. ಝೋನ್ ಬಂತು. ಅವನು ಆಗಲೇ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿಬಿಟ್ಟಿದ್ದ. ಎರಡು ದಿನ ಕೂತು ಕೆದಕಿದ ಮೇಲೆ ಗೊತ್ತಾಯಿತು: ಆ ಸೊನ್ನೆಯೂ ಈ ಹದಿನಾರೂ ಬೇವಿನ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ.

ಇಂಥದ್ದು ನಿಮಗೂ ಆದರೆ ಎಲ್ಲಿಂದ ಹುಡುಕುತ್ತಾ ಬರಬೇಕು ಅಂತ ನಾನು ಮಾಡುವ ಕ್ರಮದಲ್ಲೇ ಬರೆದಿದ್ದೇನೆ. ಇದು ಅಗಾರಿನಲ್ಲಿ ಗುಳಿ ಕೊರೆದು ಕ್ರೀಮ್ ತುಂಬುವ ಪರೀಕ್ಷೆಗೆ, ಅಂದರೆ ವೆಲ್ ಡಿಫ್ಯೂಷನ್‌ಗೆ ಸಂಬಂಧಿಸಿದ್ದು.

ಒಂದು ಮಾತು ತಲೆಯಲ್ಲಿರಲಿ. ಝೋನ್ ಬರಬೇಕಾದರೆ ಎರಡು ಕೆಲಸ ಆಗಬೇಕು. ಔಷಧದ ಅಂಶ ಗುಳಿಯಿಂದ ಹೊರಟು ಅಗಾರಿನೊಳಗೆ ಹರಡಬೇಕು. ಹರಡಿದ ಕಡೆ ಬ್ಯಾಕ್ಟೀರಿಯಾ ಬೆಳೆಯದ ಹಾಗೆ ತಡೆಯಬೇಕು. ನಾವು ಎರಡನೆಯದನ್ನು ಅಳೆಯುತ್ತಿದ್ದೇವೆ ಅಂದುಕೊಳ್ಳುತ್ತೇವೆ. ಕೈಕೊಡುವುದು ಹೆಚ್ಚಾಗಿ ಮೊದಲನೆಯದು.

ಮೊದಲು ನೋಡಬೇಕಾದ್ದು ಮುಲಾಮಿನ ಗುಳಿಯನ್ನಲ್ಲ

ಪ್ರತಿ ಪ್ಲೇಟಿನಲ್ಲೂ ನಾಲ್ಕು ಇರಲೇಬೇಕು. ಒಂದು ಜೆಂಟಾಮೈಸಿನ್ 10 ಮೈಕ್ರೋಗ್ರಾಂ ಡಿಸ್ಕ್, ಅಂದರೆ ಗೊತ್ತಿರುವ ಆ್ಯಂಟಿಬಯಾಟಿಕ್ ಹೀರಿದ ಕಾಗದದ ಬಿಲ್ಲೆ. ಒಂದು ಗುಳಿಯಲ್ಲಿ ನಿಮ್ಮ ಕ್ರೀಮ್. ಇನ್ನೊಂದರಲ್ಲಿ ಬೇವು ಹಾಕದೆ ಅದೇ ರೀತಿ ಮಾಡಿದ ಬರೀ ಬೇಸ್. ಮತ್ತೊಂದರಲ್ಲಿ ಕ್ರೀಮ್ ಕರಗಿಸಲು ಬಳಸಿದ ದ್ರಾವಕ ಮಾತ್ರ. ನಮ್ಮ ಹುಡುಗರು ಕ್ರೀಮ್ ಮತ್ತು ಡಿಸ್ಕ್ ಇಟ್ಟು, ಉಳಿದೆರಡನ್ನು "ಜಾಗ ಇಲ್ಲ ಮೇಡಂ" ಅಂತ ಬಿಟ್ಟುಬಿಡುತ್ತಾರೆ. ಜಾಗ ಇಲ್ಲದಿದ್ದರೆ ಇನ್ನೊಂದು ಪ್ಲೇಟ್ ಹಾಕಬೇಕು, ಅಷ್ಟೇ.

ಸ್ಟ್ಯಾಫಿಲೊಕಾಕಸ್ ಆರಿಯಸ್ ಎಟಿಸಿಸಿ 25923 ತಳಿ (ಹೋಲಿಕೆಗೆಂದು ಲ್ಯಾಬುಗಳು ಬಳಸುವ ನಂಬರಿನ ಬ್ಯಾಕ್ಟೀರಿಯಾ) ಬಳಸಿದ್ದರೆ ಜೆಂಟಾಮೈಸಿನ್ ಝೋನ್ 19ರಿಂದ 27 ಮಿ.ಮೀ. ಒಳಗೆ ಬರಬೇಕು. ಇ. ಕೋಲೈ 25922 ಆದರೆ 19ರಿಂದ 26. ಇದರೊಳಗೆ ಬಂದಿದ್ದರೆ ಪ್ಲೇಟ್ ಸರಿ ಇದೆ, ಮುಂದಿನ ಭಾಗಕ್ಕೆ ಹೋಗಿ. ಬಂದಿಲ್ಲದಿದ್ದರೆ ಕ್ರೀಮಿನ ಮಾತೇ ಬೇಡ. ಆ ದಿನದ ಎಲ್ಲ ಅಳತೆಯನ್ನೂ ಬದಿಗಿಡಿ.

ಡಿಸ್ಕಿನ ಝೋನೇ ತಪ್ಪಿದ್ದರೆ

ಝೋನ್ ತೀರಾ ಚಿಕ್ಕದಾಗಿದ್ದರೆ ನಾನು ಮೊದಲು ಅನುಮಾನಿಸುವುದು ಬ್ಯಾಕ್ಟೀರಿಯಾ ಜಾಸ್ತಿ ಆಯಿತಾ ಅಂತ. ಸ್ವಾಬ್ ಅದ್ದುವ ದ್ರಾವಣದ ಮಬ್ಬು 0.5 ಮ್ಯಾಕ್‌ಫರ್ಲೆಂಡ್‌ಗೆ ಸಮ ಇರಬೇಕು. ಅಂದರೆ ಒಂದು ಮಿ.ಲೀ.ಗೆ ಹತ್ತಿರ ಹತ್ತಿರ ಹತ್ತು ಕೋಟಿಯಿಂದ ಹದಿನೈದು ಕೋಟಿ ಬ್ಯಾಕ್ಟೀರಿಯಾ. ಜೋಸೆಫ್ ಮ್ಯಾಕ್‌ಫರ್ಲೆಂಡ್ 1907ರಲ್ಲಿ ಕೊಟ್ಟ, ಬೇರಿಯಂ ಸಲ್ಫೇಟ್ ಟ್ಯೂಬಿನ ಜೊತೆ ಮಬ್ಬು ಹೋಲಿಸುವ ಉಪಾಯವೇ ಇವತ್ತಿಗೂ ನಡೆಯುತ್ತಿದೆ. ತೊಂದರೆ ಏನೆಂದರೆ, ಆ ಟ್ಯೂಬ್ ಕಪಾಟಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಬಿಳಿ ಪುಡಿ ತಳಕ್ಕೆ ಇಳಿದಿರುತ್ತದೆ, ಯಾರೂ ಅಲ್ಲಾಡಿಸುವುದಿಲ್ಲ. ಚೆನ್ನಾಗಿ ಅಲುಗಿಸಿ ನೋಡಿ. ಗಂಟು ಗಂಟಾಗಿ ಕಂಡರೆ ಎಸೆದು ಹೊಸದು ಮಾಡಿ. ಕಲರಿಮೀಟರ್ ಬದಲು ಸ್ಪೆಕ್ಟ್ರೋಫೋಟೊಮೀಟರ್ ಇದ್ದರೆ 625 ನ್ಯಾನೊಮೀಟರಿನಲ್ಲಿ 0.08ರಿಂದ 0.13 ಬರಬೇಕು. ದ್ರಾವಣ ಮಾಡಿದ 15 ನಿಮಿಷದೊಳಗೆ ಪ್ಲೇಟಿಗೆ ಹಚ್ಚಿ. ಚಹಾ ಕುಡಿದು ಬಂದು ಹಚ್ಚಿದರೆ ಅಷ್ಟರಲ್ಲಿ ಅವು ಸಂಸಾರ ಬೆಳೆಸಿರುತ್ತವೆ.

ಎರಡನೆಯ ಅನುಮಾನ ಅಗಾರಿನ ದಪ್ಪ. 4 ಮಿ.ಮೀ. ಇರಬೇಕು. 90 ಮಿ.ಮೀ. ಪ್ಲೇಟಿಗೆ ಇದು ಸುಮಾರು 25 ಮಿ.ಲೀ. ಆಗುತ್ತದೆ. ದಪ್ಪವಾದರೆ ಝೋನ್ ಕುಗ್ಗುತ್ತದೆ, ತೆಳುವಾದರೆ ಅಗಲವಾಗುತ್ತದೆ. ಮೀಡಿಯಾ (ಪ್ಲೇಟಿಗೆ ಸುರಿಯುವ ಅಗಾರ್ ದ್ರಾವಣ) ಉಳಿಸೋಣ ಅಂತ 15 ಮಿ.ಲೀ. ಸುರಿದು, ದೊಡ್ಡ ಝೋನ್ ಬಂತು ಅಂತ ಖುಷಿ ಪಟ್ಟವರನ್ನು ನೋಡಿದ್ದೇನೆ.

ಮೂರನೆಯದು ನೀರು. ನಮ್ಮ ಕಡೆಯ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಬಕೆಟ್ ತೊಳೆದವರಿಗೆಲ್ಲ ಗೊತ್ತು. ಈ ಪರೀಕ್ಷೆಗೆ ಬಳಸುವ ಮುಲ್ಲರ್-ಹಿಂಟನ್ ಅಗಾರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಹೆಚ್ಚಾದರೆ ಜೆಂಟಾಮೈಸಿನ್ ಝೋನ್ ಚಿಕ್ಕದಾಗುತ್ತದೆ. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಮೇಲೆ ಪರೀಕ್ಷೆ ಮಾಡುವಾಗ ಇದು ಎದ್ದು ಕಾಣುತ್ತದೆ. ಡಿಸ್ಟಿಲ್ಡ್ ವಾಟರ್ ಮುಗಿದ ದಿನ ಅಟೆಂಡರ್ ನಲ್ಲಿ ನೀರಿನಲ್ಲೇ ಮೀಡಿಯಾ ಕಲಸಿದರೆ ಯಾರೂ ನಿಮಗೆ ಬಂದು ಹೇಳುವುದಿಲ್ಲ. ಕೇಳಿ. ಬೈಯದೆ ಕೇಳಿದರೆ ಹೇಳುತ್ತಾರೆ. ಪಿಎಚ್ ಕೂಡ ನೋಡಿ, 7.2ರಿಂದ 7.4 ಇರಬೇಕು. ಆಮ್ಲದ ಕಡೆ ಜಾರಿದರೆ ಜೆಂಟಾಮೈಸಿನ್ ಬಲ ಕಡಿಮೆಯಾಗುತ್ತದೆ.

ಏಪ್ರಿಲ್, ಮೇ ತಿಂಗಳ ರೋಗ

ಪಠ್ಯಪುಸ್ತಕದಲ್ಲಿ ಇಲ್ಲದ ದೋಷ ಇದು. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಲ್ಯಾಬ್ ನಡೆಸುವವರು ಇದನ್ನು ಮೊದಲೇ ತಿಳಿದಿರಬೇಕು.

ಪರೀಕ್ಷೆಗೆ 35 ಡಿಗ್ರಿ ಬೇಕು, ಎರಡು ಡಿಗ್ರಿ ಆಚೀಚೆ, 16ರಿಂದ 18 ಗಂಟೆ. ಪ್ಲೇಟುಗಳನ್ನು ಬೆಚ್ಚಗಿಡಲು ನಮ್ಮಲ್ಲಿದ್ದ ಸಾದಾ ಇನ್‌ಕ್ಯುಬೇಟರಿನಲ್ಲಿ ಬಿಸಿ ಮಾಡುವ ಕಾಯಿಲ್ ಮಾತ್ರ ಇದೆ, ತಣ್ಣಗೆ ಮಾಡಲು ಏನೂ ಇಲ್ಲ. ಹೊರಗೆ 41 ಡಿಗ್ರಿ ಧಗೆ ಇದ್ದಾಗ ಒಳಗೆ 35 ಎಲ್ಲಿಂದ ಬರಬೇಕು? ಗುಂಡಿ 35ಕ್ಕೆ ತಿರುಗಿಸಿಟ್ಟು ನಾವೆಲ್ಲ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದೆವು. ಆ ಎರಡು ತಿಂಗಳ ಅಳತೆಗಳು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ಅಗಾರ್ ಅಂಚಿನಲ್ಲಿ ಒಣಗಿ ಹಪ್ಪಳದ ಹಾಗೆ ಏಳುತ್ತಿತ್ತು. ಡಿಸ್ಕ್ ಕೆಟ್ಟಿದೆ ಅಂತ ಹೊಸ ಡಬ್ಬಿ ತರಿಸಿದೆವು. ತಳಿ ಕೆಟ್ಟಿದೆ ಅಂತ ಹೊಸ ಕಲ್ಚರ್ ತರಿಸಿದೆವು. ಕೊನೆಗೆ ಯಾರೋ ಒಂದು ಗ್ಲಾಸ್ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ರಾತ್ರಿಯೆಲ್ಲ ಒಳಗಿಟ್ಟರು. ಬೆಳಿಗ್ಗೆ ನೋಡಿದರೆ 40.

ಇದಕ್ಕೆ ಸರಿಯಾದ ಮದ್ದು ಬಿಒಡಿ ಇನ್‌ಕ್ಯುಬೇಟರ್. ಅದರಲ್ಲಿ ಕಂಪ್ರೆಸರ್ ಇರುತ್ತದೆ, ತಣ್ಣಗೂ ಮಾಡುತ್ತದೆ. ಅದಿಲ್ಲದಿದ್ದರೆ ಸಾದಾ ಇನ್‌ಕ್ಯುಬೇಟರನ್ನು ಎಸಿ ಇರುವ ಕೋಣೆಗೆ ಹಾಕಿ. ಎರಡೂ ಆಗದಿದ್ದರೆ ಆ ಕೆಲಸವನ್ನು ಜುಲೈಗೆ ಮುಂದೂಡಿ. ನಾನು ಹಾಗೇ ಮಾಡಿದ್ದೇನೆ, ನಾಚಿಕೆ ಏನಿಲ್ಲ. ಕರೆಂಟು ಹೋಗಿ ಬಂದ ರಾತ್ರಿಗಳನ್ನೂ ರಿಜಿಸ್ಟರಿನಲ್ಲಿ ಬರೆದಿಡಿ. ಪಕ್ಕದ ಶಕ್ತಿನಗರ, ಕುಡತಿನಿಯಲ್ಲೇ ವಿದ್ಯುತ್ ಸ್ಥಾವರಗಳಿದ್ದರೂ ನಮಗೆ ಕರೆಂಟಿನ ಕಾಟ ತಪ್ಪಿಲ್ಲ.

ಅದೇ ಧಗೆಯ ಇನ್ನೊಂದು ಚೇಷ್ಟೆ ಇದೆ. ಅಗಾರ್ ಗಟ್ಟಿಯಾಗುವುದು 40 ಡಿಗ್ರಿಯಿಂದ ಕೆಳಗೆ ಇಳಿದಾಗ. ಕೋಣೆಯೇ 40 ಇದ್ದರೆ ಪ್ಲೇಟ್ ಮೇಜಿನ ಮೇಲೆ ಗಂಟೆಗಟ್ಟಲೆ ಅರೆ ಗಂಜಿಯಾಗಿಯೇ ಇರುತ್ತದೆ. ಅಷ್ಟರಲ್ಲಿ ಯಾರೋ ಮೇಜಿಗೆ ತಾಗುತ್ತಾರೆ, ಅಗಾರ್ ಒಂದು ಕಡೆ ವಾಲುತ್ತದೆ. ನಾವು ಬೇಸಿಗೆಯಲ್ಲಿ ಬೆಳಿಗ್ಗೆ ಆರೂವರೆಗೆ ಬಂದು ಸುರಿಯುತ್ತೇವೆ. ಫ್ರಿಜ್‌ನಿಂದ ತೆಗೆದ ಪ್ಲೇಟಿನ ಮುಚ್ಚಳಕ್ಕೆ ನೀರು ಕಟ್ಟಿಕೊಳ್ಳುತ್ತದೆ. ಸೋಸಿದ ಗಾಳಿ ಬೀಸುವ ಲ್ಯಾಮಿನಾರ್ ಪೆಟ್ಟಿಗೆಯೊಳಗೆ ಮುಚ್ಚಳ ಸ್ವಲ್ಪ ಸರಿಸಿ ಹದಿನೈದು ನಿಮಿಷ ಆರಿಸದಿದ್ದರೆ ಆ ಹನಿ ಬ್ಯಾಕ್ಟೀರಿಯಾ ಪದರದ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತದೆ.

ಡಿಸ್ಕ್ ಸರಿ, ಮುಲಾಮು ಸೊನ್ನೆ

ಈಗ ಕುಷ್ಟಗಿ ಡಬ್ಬಿಯ ಕಥೆಗೆ ಬರೋಣ. ಅವರ ಪ್ಲೇಟಿನಲ್ಲಿ ಜೆಂಟಾಮೈಸಿನ್ 22 ಮಿ.ಮೀ. ಇತ್ತು. ಅಂದರೆ ಪ್ಲೇಟಿನ ತಪ್ಪಲ್ಲ.

ಅಗಾರ್ ಎಂದರೆ ಹೆಚ್ಚುಕಡಿಮೆ ಗಟ್ಟಿ ಕಟ್ಟಿದ ನೀರು. ಎಣ್ಣೆ-ಮೇಣದ ಮುಲಾಮನ್ನು ಅದರ ಗುಳಿಗೆ ತುಂಬಿದರೆ ಅದು ಅಲ್ಲೇ ಕೂರುತ್ತದೆ. ಕೊಬ್ಬರಿ ಎಣ್ಣೆಯ ಹನಿ ನೀರಿನ ಚೊಂಬಿನಲ್ಲಿ ತೇಲುವ ಹಾಗೆ. ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಬ್ಯಾಕ್ಟೀರಿಯಾ ಇರುವ ಕಡೆಗೆ ಅದು ಹೋಗಲೇ ಇಲ್ಲ, ಇನ್ನು ತಡೆಯುವುದೆಲ್ಲಿಂದ ಬಂತು? ಝಿಂಕ್ ಆಕ್ಸೈಡ್ ಹಾಕಿದ ಕ್ರೀಮುಗಳಿಗೂ ಇದೇ ಪಾಡು.

ಒಂದು ಸುಲಭದ ತಪಾಸಣೆ ಇದೆ. ಸ್ವಲ್ಪ ಮುಲಾಮನ್ನು ಲೋಟ ನೀರಿಗೆ ಹಾಕಿ ಕಲಕಿ. ಹಾಲಿನ ಹಾಗೆ ಬೆರೆತರೆ ಅದು ನೀರಿನ ಬೇಸ್, ಗುಳಿ ಪರೀಕ್ಷೆ ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಮುದ್ದೆಯಾಗಿ ತೇಲಿದರೆ ಆ ಮುಲಾಮಿಗೆ ಗುಳಿ ಪರೀಕ್ಷೆ ಸಲ್ಲದು. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ಹಾಕುವ ರೂಢಿ ಇದೆ. ಮಾಡಿ, ಆದರೆ ಬರೀ ಡಿಎಂಎಸ್‌ಒ ಹಾಕಿದ ಗುಳಿಯೂ ಪಕ್ಕದಲ್ಲಿರಲಿ. ಕರಗಿಸಿದ್ದು ಅಗಾರಿನ ನೀರು ತಾಗಿದ ಕೂಡಲೇ ಮತ್ತೆ ಗಂಟು ಕಟ್ಟುವುದೂ ಉಂಟು.

ಬೇಸಿಗೆಯಲ್ಲಿ ಮತ್ತೊಂದು ಗಮನಿಸಿ. ಕೊಬ್ಬರಿ ಎಣ್ಣೆ 24-25 ಡಿಗ್ರಿಗೇ ಕರಗುತ್ತದೆ. ಬಸ್ಸಿನಲ್ಲಿ ಕುಷ್ಟಗಿಯಿಂದ ಬಂದ ಡಬ್ಬಿಯಲ್ಲಿ ಎಣ್ಣೆ ಮೇಲೆ, ಬೇವಿನ ಪುಡಿ ತಳದಲ್ಲಿ ಇತ್ತು. ಮೇಲಿನಿಂದ ಒಂದು ಚಮಚ ತೆಗೆದವರು ಬರೀ ಎಣ್ಣೆಯನ್ನು ಪರೀಕ್ಷೆ ಮಾಡಿದ ಹಾಗಾಯಿತು. ತಳದ ತನಕ ಕಲಸಿ ತೆಗೆಯಿರಿ. ಮೈಕ್ರೋಪಿಪೆಟ್ಟಿನಲ್ಲಿ ಮುಲಾಮು ಅಳೆಯಲು ಹೋಗಬೇಡಿ, ಅರ್ಧ ತುದಿಯಲ್ಲೇ ಅಂಟಿಕೊಳ್ಳುತ್ತದೆ. ಸೂಜಿ ಇಲ್ಲದ ಸಿರಿಂಜಿನಲ್ಲಿ ತುಂಬಿ, ತೂಕ ಮಾಡಿ ಹಾಕಿ.

ಮುಲಾಮಿಗೂ ಝೋನ್, ಬೇಸಿಗೂ ಝೋನ್

ಸ್ಟೇಟಸ್ ಹಾಕಿದ ಹುಡುಗನ ವಿಷಯ. ಅವನ ಪ್ಲೇಟಿನಲ್ಲಿ ಬೇಸ್ ಗುಳಿ ಇರಲಿಲ್ಲ. ಬೇವಿಲ್ಲದ ಬೇಸ್ ಮಾಡಿಸಿ ಮತ್ತೆ ಹಾಕಿಸಿದೆ. ಬೇವಿನ ಕ್ರೀಮಿಗೆ 16 ಮಿ.ಮೀ., ಬರೀ ಬೇಸ್‌ಗೆ 15. ಮುಖ ಸಣ್ಣಗಾಯಿತು ಪಾಪ.

ಕಾರಣ ಪ್ರಿಸರ್ವೇಟಿವ್. ನೀರು ಸೇರಿದ ಕ್ರೀಮ್ ಬೂಷ್ಟು ಹಿಡಿಯಬಾರದು ಅಂತ ಪ್ಯಾರಾಬೆನ್, ಫಿನಾಕ್ಸಿಎಥನಾಲ್ ಹಾಕುತ್ತಾರೆ. ಅವುಗಳ ಕೆಲಸವೇ ಸೂಕ್ಷ್ಮಜೀವಿ ತಡೆಯುವುದು. ಝೋನ್ ಅವುಗಳದ್ದು, ಹೆಸರು ಬೇವಿಗೆ. ಕೆಲವೊಮ್ಮೆ ಪ್ರಿಸರ್ವೇಟಿವ್ ಇಲ್ಲದಿದ್ದರೂ ಬರೀ ಬೇಸ್‌ಗೆ ಝೋನ್ ಬರುತ್ತದೆ. ಆಗ ಪಿಎಚ್ ನೋಡಿ. ನಿಂಬೆರಸವೋ ಸಿಟ್ರಿಕ್ ಆಸಿಡ್ಡೋ ಜಾಸ್ತಿ ಬಿದ್ದು ಹುಳಿಯಾಗಿದ್ದರೆ ಆ ಹುಳಿಯೇ ಸಾಕು. ಬೇವನ್ನು ಆಲ್ಕೊಹಾಲಿನಲ್ಲಿ ಇಳಿಸಿ, ಅದನ್ನು ಪೂರ್ತಿ ಆರಿಸದೆ ಕ್ರೀಮಿಗೆ ಬೆರೆಸಿದ್ದರೆ ಆಲ್ಕೊಹಾಲ್ ತಡೆಯುತ್ತಿರುತ್ತದೆ.

ಕ್ರೀಮಿನ ಝೋನ್ ಬೇಸಿಗಿಂತ ಸ್ಪಷ್ಟವಾಗಿ ದೊಡ್ಡದಿದ್ದರೆ ಮಾತ್ರ, ಅದೂ ಮೂರು ಬಾರಿ ಬೇರೆ ಬೇರೆ ದಿನ ಮಾಡಿದಾಗಲೂ ಹಾಗೇ ಬಂದರೆ, ಬೇವಿನ ಮಾತು ಎತ್ತಿ. ಒಂದು ಮಿ.ಮೀ. ವ್ಯತ್ಯಾಸ ಸ್ಕೇಲ್ ಹಿಡಿಯುವ ಕೈಯಲ್ಲೇ ಇರುತ್ತದೆ.

ಝೋನ್ ನೋಡಲು ಸರಿ ಇಲ್ಲ

ಹಳದಿ ಉಂಗುರ ಕಂಡರೆ ಅವಸರ ಬೇಡ. ಅರಿಶಿನದ ಬಣ್ಣ ಇಳಿದು ಗುಳಿಯ ಸುತ್ತ ಚಂದದ ವೃತ್ತ ಮೂಡುತ್ತದೆ, ಅದನ್ನೇ ಅಳೆದವರಿದ್ದಾರೆ. ಪ್ಲೇಟನ್ನು ಕಪ್ಪು ಕಾಗದದ ಮೇಲಿಟ್ಟು ಓರೆ ಬೆಳಕಿನಲ್ಲಿ ನೋಡಿ. ಎಣ್ಣೆ ಮೇಲ್ಮೈಯಲ್ಲಿ ಹರಿದರೂ ಅಲ್ಲಿ ಮಿಂಚಿ ತಿಳಿಯಾದ ಹಾಗೆ ಕಾಣುತ್ತದೆ. ಅನುಮಾನ ಬಂದರೆ ಲೂಪಿನಿಂದ ಆ ಜಾಗ ಕೆರೆದು ಹೊಸ ಪ್ಲೇಟಿಗೆ ಎಳೆಯಿರಿ, ಮರುದಿನ ನಿಜ ಹೊರಬರುತ್ತದೆ.

ಝೋನ್ ಒಂದು ಕಡೆ ಬಾಲ ಬಿಟ್ಟಿದ್ದರೆ ಗುಳಿ ಸೋರಿದೆ. ಕಾರ್ಕ್ ಬೋರರಿನಿಂದ ಕೊರೆದು ಬಿಲ್ಲೆ ಎತ್ತುವಾಗ ಅಗಾರ್ ತಳದಿಂದ ಎದ್ದಿರುತ್ತದೆ, ದ್ರವ ಅಡಿಯಲ್ಲಿ ನುಗ್ಗುತ್ತದೆ. ಗುಳಿಯ ತಳಕ್ಕೆ ಒಂದು ಹನಿ ಕರಗಿದ ಅಗಾರ್ ಬಿಟ್ಟು ಮುಚ್ಚಿ.

ಝೋನಿನೊಳಗೆ ಅಲ್ಲೊಂದು ಇಲ್ಲೊಂದು ಕಾಲೊನಿ ಇದ್ದರೆ ಎರಡು ದಾರಿ. ತಳಿ ಶುದ್ಧ ಇಲ್ಲ, ಅಥವಾ ಆ ಕೆಲವು ಜೀವಿಗಳು ನಿಜವಾಗಿಯೂ ತಡೆದುಕೊಂಡಿವೆ. ಕಾಲೊನಿ ಎತ್ತಿ ಗ್ರಾಂ ಸ್ಟೇನ್ ಮಾಡಿ, ಅಂದರೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿ. ಕಾಲೊನಿ ಒಣಗಿದ ಅಂಚಿನದಾಗಿ ಪ್ಲೇಟ್ ತುಂಬ ಹಬ್ಬಿ, ಸ್ಟೇನಿನಲ್ಲಿ ಉದ್ದ ಕಡ್ಡಿಗಳು ಕಂಡರೆ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಇರಬೇಕು. ನಮ್ಮಲ್ಲಿ ಅದು ಧೂಳಿನ ಜೊತೆ ಬರುತ್ತದೆ. ಸಂಡೂರು ಕಡೆಯ ಅದಿರು ಲಾರಿಗಳು ಓಡುವ ರಸ್ತೆಗೆ ಕಿಟಕಿ ತೆರೆದಿಟ್ಟು, ಏರ್ ಕೂಲರ್ ಹಾಕಿಕೊಂಡು ಪ್ಲೇಟ್ ಹಚ್ಚಿದರೆ ಇನ್ನೇನಾಗುತ್ತದೆ?

ಆದರೆ ಧೂಳನ್ನು ಬೈಯುವ ಮೊದಲು ಮುಲಾಮನ್ನೇ ಒಮ್ಮೆ ನೋಡಿ. ಬ್ಯಾಕ್ಟೀರಿಯಾ ಹಚ್ಚದ ಖಾಲಿ ಪ್ಲೇಟಿಗೆ ಬರೀ ಮುಲಾಮು ಇಟ್ಟು ಇನ್‌ಕ್ಯುಬೇಟ್ ಮಾಡಿ. ಮನೆಯಲ್ಲಿ ಕುಟ್ಟಿದ ಅರಿಶಿನ ಪುಡಿಯಲ್ಲಿ ಬ್ಯಾಸಿಲಸ್ ಬೀಜಕಣಗಳು ಇರುವುದು ಸಾಮಾನ್ಯ. ಎಣ್ಣೆಯಲ್ಲಿ ಸ್ವಲ್ಪ ಕಾಸಿದ್ದಕ್ಕೆಲ್ಲ ಅವು ಸಾಯುವುದಿಲ್ಲ. ಕುಷ್ಟಗಿ ಮುಲಾಮಿನ ಸುತ್ತ ಹೀಗೇ ನಾಲ್ಕಾರು ಕಾಲೊನಿ ಎದ್ದವು. ನನ್ನ ಮಟ್ಟಿಗೆ ಅವರಿಗೆ ತಿಳಿಸಬೇಕಾದ ಮೊದಲ ವಿಷಯ ಝೋನ್ ಅಲ್ಲ, ಇದು.

ಮೊಡವೆ ಕ್ರೀಮಿನ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯಲೇ ಇಲ್ಲ ಅಂತ ಕೇಳುವವರಿಗೆ ಒಂದೇ ಮಾತು: ಮೊಡವೆಯ ಬ್ಯಾಕ್ಟೀರಿಯಾ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್‌ಗೆ ಗಾಳಿ ಆಗುವುದಿಲ್ಲ. ಆಮ್ಲಜನಕ ಇಲ್ಲದ ಅನೆರೋಬಿಕ್ ಜಾರ್ ಬೇಕು, ಒಂದು ರಾತ್ರಿ ಸಾಲದು, ಎರಡು ಮೂರು ದಿನ ಬೇಕು. ಹಳೇ ಪುಸ್ತಕದಲ್ಲಿ ಪ್ರೊಪಿಯೊನಿಬ್ಯಾಕ್ಟೀರಿಯಂ ಅಂತ ಇರುವುದೂ ಇದೇ. 2016ರಲ್ಲಿ ಹೆಸರು ಬದಲಾಯಿತು.

ಗುಳಿ ಪರೀಕ್ಷೆ ಸಲ್ಲದಿದ್ದರೆ ಏನು ಮಾಡುವುದು

ಎಣ್ಣೆ ಮುಲಾಮಿಗೆ ನಾನು ಮಾಡಿಸುವುದು ನೇರ ಸಂಪರ್ಕದ ಪರೀಕ್ಷೆ. ಮುಲಾಮಿಗೆ ಎಣಿಕೆ ಗೊತ್ತಿರುವ ಬ್ಯಾಕ್ಟೀರಿಯಾ ಬೆರೆಸಿ, ಐದು ನಿಮಿಷ, ಒಂದು ಗಂಟೆ ಹೀಗೆ ಬೇರೆ ಬೇರೆ ಹೊತ್ತಿಗೆ ಸ್ವಲ್ಪ ತೆಗೆದು, ಟ್ವೀನ್ 80 ಮತ್ತು ಲೆಸಿಥಿನ್ ಇರುವ ದ್ರಾವಣಕ್ಕೆ ಹಾಕಿ, ಪ್ಲೇಟ್ ಮಾಡಿ ಎಣಿಸುವುದು. ಆ ದ್ರಾವಣ ಮುಲಾಮಿನ ಶಕ್ತಿಯನ್ನು ಅಲ್ಲೇ ನಿಲ್ಲಿಸುತ್ತದೆ. ಅದಿಲ್ಲದೆ ಮಾಡಿದರೆ ಮುಲಾಮು ಪ್ಲೇಟಿನ ತನಕ ಜೊತೆಗೇ ಬಂದು ಅಲ್ಲೂ ಬೆಳೆಯಲು ಬಿಡುವುದಿಲ್ಲ, ನಾವು ಐದು ನಿಮಿಷಕ್ಕೇ ಸತ್ತವು ಅಂತ ಬರೆದುಬಿಡುತ್ತೇವೆ. ಹಾಗಾಗಿ ನೂರರಷ್ಟು ಬ್ಯಾಕ್ಟೀರಿಯಾವನ್ನು ದ್ರಾವಣ ಮತ್ತು ಮುಲಾಮು ಎರಡೂ ಇರುವ ಟ್ಯೂಬಿಗೆ ಹಾಕಿ, ಅಷ್ಟೂ ವಾಪಸ್ ಸಿಗುತ್ತವಾ ಅಂತ ಮೊದಲೇ ನೋಡಿಕೊಳ್ಳಬೇಕು.

ಟ್ವೀನ್ 80 ಈ ಕೆಲಸಕ್ಕೆ ಒಳ್ಳೆಯದು. ಅದನ್ನೇ ಗುಳಿ ಪರೀಕ್ಷೆಯಲ್ಲಿ ಕ್ರೀಮ್ ಬೆರೆಸಲು ಬಳಸಿದರೆ ಪ್ಯಾರಾಬೆನ್‌ನ ಬಲ ಅಡಗಿಸಿ ಝೋನ್ ಕುಗ್ಗಿಸುತ್ತದೆ. ಇದನ್ನು ಕಂಡುಹಿಡಿಯಲು ನನಗೆ ಒಂದು ಸೆಮಿಸ್ಟರ್ ಹಿಡಿಯಿತು.

ಈ ಪರೀಕ್ಷೆಯಲ್ಲೇ "ಶೇ. 99.9" ಎಂಬ ಜಾಹೀರಾತಿನ ಅಂಕಿಗೆ ಅರ್ಥ ಬರುವುದು. ಹತ್ತು ಲಕ್ಷ ಇದ್ದದ್ದು ಸಾವಿರಕ್ಕೆ ಇಳಿದರೆ ಶೇ. 99.9 ಸತ್ತ ಹಾಗೆ. ಝೋನ್ ಎಷ್ಟೇ ಅಗಲ ಇರಲಿ, ಅದರಿಂದ ಈ ಅಂಕಿ ತೆಗೆಯಲಾಗದು. ಝೋನಿನಲ್ಲಿ ಬ್ಯಾಕ್ಟೀರಿಯಾ ಸತ್ತಿದೆಯೋ, ಸುಮ್ನೆ ಬೆಳೆಯದೆ ಕೂತಿದೆಯೋ ಕಣ್ಣಿಗೆ ಗೊತ್ತಾಗುವುದಿಲ್ಲ.

ಪರೀಕ್ಷೆ ಮುಗಿದ ಪ್ಲೇಟುಗಳನ್ನು ಹಾಗೇ ಕಸಕ್ಕೆ ಹಾಕಬೇಡಿ. 121 ಡಿಗ್ರಿಯಲ್ಲಿ ಆಟೊಕ್ಲೇವ್ ಮಾಡಿದ ಮೇಲೆಯೇ ಹೊರಗೆ ಕಳಿಸಿ. ಸ್ಟ್ಯಾಫ್ ಆರಿಯಸ್ ಗಾಯಕ್ಕೆ ಕೀವು ತರುವ ಜೀವಿ.

ಆ ಹೆಂಗಸರಿಗೆ ರಿಪೋರ್ಟಿನಲ್ಲಿ ಹೀಗೆ ಬರೆದೆ: ಗುಳಿ ಪರೀಕ್ಷೆ ಈ ಮುಲಾಮಿಗೆ ಹೊಂದುವುದಿಲ್ಲ, ಸಂಪರ್ಕ ಪರೀಕ್ಷೆಯಲ್ಲಿ ಬೇಸಿಗೂ ಮುಲಾಮಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಅರಿಶಿನ ಪುಡಿಯಿಂದ ಬೀಜಕಣ ಬರುತ್ತಿದೆ. "ಹಂಗಾರ ಡಬ್ಬಿ ಮ್ಯಾಲೆ ಏನಂತ ಬರಿಯೋಣ್ರಿ?" ಎಂದು ಕೇಳಿದರು. ರೋಗ ವಾಸಿ ಮಾಡುತ್ತದೆ ಅಂತ ಬರೆದರೆ ಅದು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಪ್ರಕಾರ ಔಷಧದ ಲೆಕ್ಕಕ್ಕೆ ಹೋಗುತ್ತದೆ, ಬರೀ ಕ್ರೀಮ್ ಅಂತ ತಯಾರಿಸಿ ಮಾರಲೂ ಲೈಸೆನ್ಸ್ ಬೇಕು ಅಂತ ತಿಳಿಸಿದೆ. ದೊಡ್ಡಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿಮ್ಮಡಿ ಮೆತ್ತಗಾಗೋದು ಖರೆ ಐತಲ್ರಿ, ಅಷ್ಟ ಬರೀತೀವಿ ಬಿಡ್ರಿ" ಎಂದಳು. ಸದ್ಯ ಲೈಸೆನ್ಸಿಗೆ ಓಡಾಡುತ್ತಿದ್ದಾರೆ. ಪುಡಿ ಬಿಟ್ಟು, ಅರಿಶಿನವನ್ನು ಎಣ್ಣೆಯಲ್ಲಿ ಇಳಿಸಿ ಸೋಸಿದ ಹೊಸ ಡಬ್ಬಿ ಕಳಿಸಿದ್ದಾರೆ. ಅದರ ಖಾಲಿ ಪ್ಲೇಟ್ ಇವತ್ತು ಒಳಗಿಟ್ಟಿದ್ದೇನೆ.